ರಾಣಿಯು ದಾನಪತ್ರ ಕೊಡುವ ಚಿತ್ರ

ವಿಜಯನಗರ, ಬೆಂಗಳೂರು
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ದಿವ್ಯ,

ನಿನಗೂ, ಅಮರೇಶರಿಗೂ, ಈಗ ಗೋಡೆ ಹಿಡಿದು ನಿಲ್ಲುವ ವಯಸ್ಸಿಗೆ ಬಂದಿರಬಹುದಾದ ನಿಮ್ಮ ಮಗಳಿಗೂ ನನ್ನ ಹಾರೈಕೆಗಳು. ದಾವಣಗೆರೆಯಲ್ಲಿ ಚಳಿ ಶುರುವಾಗಿರಬೇಕು. ನನ್ನ ಮಂಡಿಯ ನೋವು ಹಾಗೆಯೇ ಇದೆ. ಅದನ್ನು ಬಿಟ್ಟರೆ ದೇಹವನ್ನು ದೂರುವಂತಿಲ್ಲ.

"ಮಿಸ್, ಅಮ್ಮನ ಫೋನ್ ಸ್ವಿಚ್ ಆಫ್ ಬರ್ತಿದೆ. ದೀಪಾವಳಿಗೂ ಸಿಗ್ಲಿಲ್ಲ. ಒಂದ್ಸಲ ಮನೆ ಹತ್ರ ಹೋಗಿ ನೋಡ್ತೀರಾ?" ಎಂದು ನೀನು ಸಂದೇಶ ಕಳುಹಿಸಿ ಇಂದಿಗೆ ಇಪ್ಪತ್ತೆರಡು ದಿನ. ವಿಚಾರಿಸಿ ತಿಳಿಸುತ್ತೇನೆ ಎಂದಷ್ಟೇ ಉತ್ತರಿಸಿ ಸುಮ್ಮನಾದೆ. ಇದು ಅಕ್ಷಮ್ಯ. ಎರಡು ಸಲ ಫೋನು ಮಾಡಿದೆ, ನಿಜ. ನೀನು "ಹೇಳಿ ಮಿಸ್" ಎಂದೊಡನೆ ಮಗುವಿನ ಹಲ್ಲಿನ ವಿಚಾರ ಕೇಳಿ ಇಟ್ಟುಬಿಟ್ಟೆ. ಮೂವತ್ತಾರು ವರ್ಷ ತರಗತಿಯಲ್ಲಿ ನಿಂತು ಮಾತನಾಡಿದವಳಿಗೆ ಬಾಯಿ ಬರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಇಲ್ಲಿ ಹೇಳುವುದೆಲ್ಲವೂ ನನ್ನ ಕೈಬರಹದಲ್ಲಿ, ತಾರೀಖಿನೊಡನೆ, ಸಹಿಯೊಡನೆ ನಿನ್ನ ಬಳಿ ಇರಬೇಕು. ನಾಳೆ ಬೆಳಗ್ಗೆ ಗುರುದೇವಿ ಎಂಬವಳು ಇದನ್ನು ನಿನ್ನ ಕೈಗೇ ಕೊಡಲು ಹೊರಡುತ್ತಾಳೆ. ಅವಳು ಹಿಂತಿರುಗುವಾಗ ನೀನೂ ಜೊತೆಗೆ ಬರಬೇಕು. ಪೂರ್ತಿ ಓದಿದ ಮೇಲೆ ನಾನು ಹೀಗೆ ಅಪ್ಪಣೆಯ ಧಾಟಿಯಲ್ಲಿ ಹೇಳಿದ್ದೇಕೆಂದು ತಿಳಿಯುತ್ತದೆ.

ಮುಖ್ಯವಾದ ಸಂಗತಿ ಮೊದಲು. ನಿನ್ನ ತಾಯಿ ಬದುಕಿದ್ದಾರೆ. ಆದರೆ ಮಾರೇನಹಳ್ಳಿಯ ಮನೆಯಲ್ಲಿಲ್ಲ. ವಿಜಯದಶಮಿ ಕಳೆದ ಮೂರನೆಯ ದಿನ ನಿನ್ನ ಚಿಕ್ಕಪ್ಪನ ಮಗ ಮಧುಕುಮಾರ ಅವರನ್ನು ರಾಜರಾಜೇಶ್ವರಿನಗರದ ತನ್ನ ಹೊಸ ಮನೆಗೆ ಕರೆದುಕೊಂಡು ಹೋಗಿದ್ದಾನೆ. ಹಾಗೆ ಕರೆದುಕೊಂಡು ಹೋಗುವುದಕ್ಕೆ ಬೇಕಾದ ಏರ್ಪಾಡನ್ನು, ಅರಿಯದೆ, ನಾನೇ ಮಾಡಿಕೊಟ್ಟೆ.

ಗುರುದೇವಿಯ ಪರಿಚಯ ನಿನಗಿಲ್ಲ. ಕಳೆದ ವರ್ಷದಿಂದ ನನ್ನ ಮಹಡಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ. ಕೊಟ್ಟೂರಿನ ಕಡೆಯವಳು. ವಾರವೆಲ್ಲ ಜಾಹೀರಾತು ಕಂಪನಿಯೊಂದರಲ್ಲಿ ದುಡಿದು, ಭಾನುವಾರ ಕ್ಯಾಮೆರಾ ಹೆಗಲಿಗೇರಿಸುತ್ತಾಳೆ. ನಮ್ಮ ಸುತ್ತಲಿನ ಜನರನ್ನು, ಅವರು ತೊಟ್ಟ ಬಟ್ಟೆಯಲ್ಲಿಯೇ, ಅರಮನೆಯ ಕಾಲದ ಮೈಸೂರು ಶೈಲಿಯ ಚಿತ್ರಗಳಂತೆ ಫೋಟೋ ತೆಗೆಯುವುದು ಅವಳ ಹವ್ಯಾಸ. ಅತ್ತಿಗುಪ್ಪೆಯ ಮೆಟ್ರೋ ಕಂಬದ ಬುಡದಲ್ಲಿ ಊಟದ ಚೀಲ ಇಳಿಸಿ ಕುಳಿತ ಡೆಲಿವರಿಯವನ ತಲೆಯ ಹಿಂದೆ ಅಂಗಡಿಯ ದುಂಡು ದೀಪ ಬರುವಂತೆ ನಿಂತು ತೆಗೆದಳು, ದೀಪ ಪ್ರಭಾವಳಿಯಾಯಿತು. ಬ್ಯೂಟಿ ಪಾರ್ಲರಿನಲ್ಲಿ ಒಬ್ಬಳ ಕೂದಲು ಇನ್ನೊಬ್ಬಳ ಕೈಯಲ್ಲಿರುವುದನ್ನು ಕಡುಹಸಿರು ಪರದೆಯ ಮುಂದೆ ತೆಗೆದಳು. ರಾಣಿಯ ಮುಡಿ ಕಟ್ಟುವ ಸಖಿಯ ಚಿತ್ರವಾಯಿತು. ಇವರನ್ನೆಲ್ಲ ಏಕೆ ಹಳೆಯ ಕಾಲಕ್ಕೆ ದೂಡುತ್ತೀಯೆ ಎಂದು ಕೇಳಿದ್ದೆ.

"ಮನಷ್ಯಾರು ಕೂಡೂ ರೀತಿ ಬದಲಾಗಿಲ್ರಿ ಟೀಚರ್. ಕೂತ ಜಾಗ ಅಷ್ಟ ಬದಲಾಗೇತಿ" ಎಂದಳು.

ನಾನು ಅವಳ ಮಾತು ತಿದ್ದುತ್ತೇನೆ, ಅವಳು ನನ್ನನ್ನು ಹಾಸ್ಯ ಮಾಡುತ್ತಾಳೆ. ನನ್ನ ಕನ್ನಡ ಇಸ್ತ್ರಿ ಹಾಕಿದ ಸೀರೆಯಂತೆ, ಮುಟ್ಟಲು ಅಂಜಿಕೆಯಾಗುತ್ತದೆ ಎಂದು ಬೀದಿಯವರ ಮುಂದೆ ಹೇಳಿ ನಗಿಸಿದ್ದಾಳೆ. ಒಳ್ಳೆಯ ಹುಡುಗಿ. ಮುಂದೆ ನಡೆದುದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲವೆಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಅವಳ ಚಿತ್ರಗಳಲ್ಲಿ ನನಗೆ ಕೊರತೆಗಳು ಕಂಡವು. ಕೈಗಳು ಸಡಿಲವಾಗಿರುತ್ತಿದ್ದವು, ಪಕ್ಕದಲ್ಲಿ ನಿಂತವರು ಮುಖ್ಯ ವ್ಯಕ್ತಿಯನ್ನು ನೋಡದೆ ಎಲ್ಲೆಲ್ಲೋ ನೋಡುತ್ತಿದ್ದರು. ಶಾಲಾ ವಾರ್ಷಿಕೋತ್ಸವಕ್ಕೆ ನಾನು ಕಟ್ಟಿಸುತ್ತಿದ್ದ ಸ್ತಬ್ಧಚಿತ್ರಗಳ ವಿಷಯ ಅವಳಿಗೆ ಹೇಳಿದೆ. ನೀನು ಏಳನೆಯ ತರಗತಿಯಲ್ಲಿ ಪರದೆ ಬೀಳುವವರೆಗೂ ರೆಪ್ಪೆ ಮಿಟುಕಿಸದೆ ಕೊಡ ಹಿಡಿದು ನಿಂತಿದ್ದೆ. ಕೊಡದಲ್ಲಿ ನಾನು ನೀರು ತುಂಬಿಸಿದ್ದೆ ಎಂದು ನಿನ್ನ ತಾಯಿ ನನ್ನೊಡನೆ ಜಗಳವಾಡಿದ್ದರು. ಖಾಲಿ ಕೊಡ ಹಿಡಿದ ತೋಳು ಸುಳ್ಳು ಹೇಳುತ್ತದೆ ಎಂಬುದು ನನ್ನ ನಿಯಮ. ಕೈಯಲ್ಲಿರುವುದು ನಿಜವಾಗಿದ್ದರೆ ಮಾತ್ರ ಮೈಯಲ್ಲಿ ನಿಜ ಬರುತ್ತದೆ. ಆ ನಿಯಮದಿಂದಲೇ ನಮ್ಮ ಶಾಲೆಗೆ ಒಂಬತ್ತು ಸಲ ಬಹುಮಾನ ಬಂದಿತ್ತು.

ರಾಣಿಯೊಬ್ಬಳು ದಾನಪತ್ರ ಕೊಡುವ ಚಿತ್ರ ತೆಗೆಯೋಣವೆಂದು ಸೂಚಿಸಿದವಳು ನಾನು. ರಾಣಿ ಯಾರೆಂಬುದರಲ್ಲಿಯೂ ನನಗೆ ಸಂದೇಹವಿರಲಿಲ್ಲ. ಬೆಳಗ್ಗೆ ಮಾರೇನಹಳ್ಳಿಯ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹೋಗುವವರನ್ನೆಲ್ಲ ವಿಚಾರಿಸುವ ನಿನ್ನ ತಾಯಿಗಿಂತ ಸಿಂಹಾಸನಕ್ಕೆ ತಕ್ಕವರು ಈ ಭಾಗದಲ್ಲಿ ಯಾರಿದ್ದಾರೆ?

"ನಾನು ಸಗಣಿ ತಟ್ಟಿದ ಕೈಯೋಳು ಟೀಚರಮ್ಮ. ರಾಣಿ ಅಂದ್ರೆ ಬಾಡಿಗೇವ್ರು ನಗಾಕಿಲ್ವಾ?" ಎಂದರು. ನಾನು ಉತ್ತರಿಸುವ ಮೊದಲೇ, "ನಗ್ಲಿ ಬುಡಿ. ತಿಂಗ್ಳ ಮೊದ್ಲು ಬಾಡ್ಗೆ ಕೊಡೋವಾಗ ಎಂಗಿದ್ರೂ ಅಳ್ತಾರೆ" ಎಂದು ತಾವೇ ನಕ್ಕರು.

ಪೂರ್ವಾಭ್ಯಾಸದ ದಿನ ಮಧುಕುಮಾರ ಏನೋ ಕೆಲಸಕ್ಕೆಂದು ಬಂದವನು ಬಾಗಿಲಿಗೆ ಒರಗಿ ನೋಡುತ್ತಿದ್ದ. ಗುರುದೇವಿ ನಿನ್ನ ತಾಯಿಯ ಮುಂದೆ ಒಂದು ಖಾಲಿ ಹಾಳೆ ಇಟ್ಟಿದ್ದಳು. ಅದನ್ನು ನಾನು ತೆಗೆದುಹಾಕಿದೆ. ಬರಹವಿರುವ ನಿಜವಾದ ಪತ್ರ ಬೇಕು, ಹೆಬ್ಬೆಟ್ಟಿಗೆ ನಿಜವಾದ ಶಾಯಿ ಬೇಕು, ಪಕ್ಕದಲ್ಲಿ ಕುಳಿತ ಲೇಖಕಿ ನಿಜವಾಗಿ ಬರೆಯಬೇಕು ಎಂದೆ. ಲೇಖಕಿಯ ಸ್ಥಾನ ನನ್ನದೆಂದು ಆಗಲೇ ತೀರ್ಮಾನವಾಗಿತ್ತು.

"ಪತ್ರ ನಾನ್ ತರ್ತೀನಿ ಬಿಡಿ ಮೇಡಂ" ಎಂದ ಮಧುಕುಮಾರ. "ಸ್ಟಾಂಪ್ ಪೇಪರಲ್ಲೇ ತರ್ತೀನಿ, ಲುಕ್ ಚೆನ್ನಾಗಿರುತ್ತೆ. ರಾಣಿಗೆ ಮಂತ್ರಿ ಬೇಡ್ವಾ? ನಮ್ ವೆಂಕಟಗಿರಿ ಇದಾನೆ, ಮೀಸೆ ನೋಡಿದ್ರೆ ನೀವೇ ಎದ್ದು ನಿಲ್ತೀರ."

ಅವನ ಉತ್ಸಾಹ ಕಂಡು ನನಗೆ ಸಂತೋಷವಾಯಿತು. ನಿನ್ನ ಮದುವೆಯಾದ ಮೇಲೆ ನಾಲ್ಕು ವರ್ಷ ನಿನ್ನೊಡನೆ ಮಾತು ಬಿಟ್ಟಿದ್ದ ನಿನ್ನ ತಾಯಿ ಕಳೆದ ಯುಗಾದಿಯಿಂದ ಫೋನಿನಲ್ಲಿ ಮಾತನಾಡುತ್ತಿರುವುದು ಅವನಿಗೆ ಹಿಡಿಸಿರಲಿಲ್ಲವೆಂದು ನನಗೆ ಗೊತ್ತಿತ್ತು. ಆ ನಾಲ್ಕು ವರ್ಷ ದೊಡ್ಡಮ್ಮನ ಆಸ್ತಿಯೆಲ್ಲ ತನಗೇ ಎಂದು ಅವನು ಎಣಿಸಿಕೊಂಡಿದ್ದನೆಂದೂ ಗೊತ್ತಿತ್ತು. ಈಗ ಮನಸ್ಸು ತಿಳಿಯಾಗಿದೆಯೆಂದು ಭಾವಿಸಿದೆ. ಮನುಷ್ಯರನ್ನು ಓದುವುದರಲ್ಲಿ ನಾನು ಎಂದೂ ಜಾಣೆಯಲ್ಲ.

ಚಿತ್ರ ತೆಗೆದದ್ದು ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ, ಬೆಳಗ್ಗೆ ಹತ್ತರ ಸುಮಾರಿಗೆ. ಮಾರೇನಹಳ್ಳಿಯ ಮನೆಯ ಪೂರ್ವದ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಎರಡೂ ಬದಿಗೆ ಕೆಂಪು ಪರದೆಯನ್ನು ಇಳಿಬಿಟ್ಟು ನಡುವಿಗೆ ಕಟ್ಟಿದ್ದೆವು. ನಿನ್ನ ತಾಯಿ ಮಾವಿನಕಾಯಿ ಬಣ್ಣದ ರೇಷ್ಮೆಯುಟ್ಟು ನಡುವೆ ಕುಳಿತರು. ಹಿಂದಿನ ಗೋಡೆಯ ಟಿ.ವಿ.ಯನ್ನೂ ವೈಫೈ ಪೆಟ್ಟಿಗೆಯನ್ನೂ ಗುರುದೇವಿ ಬೇಕೆಂದೇ ಹಾಗೆಯೇ ಬಿಟ್ಟಿದ್ದಳು. ಎಡಕ್ಕೆ ಮೀಸೆಯ ವೆಂಕಟಗಿರಿ, ಬಲಕ್ಕೆ ನಾನು. ಮಧುಕುಮಾರ ತಂದ ಪತ್ರ ಮಣೆಯ ಮೇಲಿತ್ತು. ಅದರ ಮೇಲ್ಭಾಗಕ್ಕೆ ಅವನೇ ತಾಂಬೂಲದ ತಟ್ಟೆ ಇಟ್ಟ. ನಿನ್ನ ತಾಯಿ ಹೆಬ್ಬೆಟ್ಟು ಒತ್ತಿದರು, ವೆಂಕಟಗಿರಿ ಸಹಿ ಮಾಡಿದ, ನಾನು ನನ್ನ ಪೂರ್ಣ ಹೆಸರನ್ನು ದುಂಡಗೆ ಬರೆದೆ. ಬರೆಯುವಂತೆ ನಟಿಸುವುದು ನನಗೆ ಒಗ್ಗದು. ಪತ್ರವನ್ನು ನೀವು ಓದಲಿಲ್ಲವೆ ಎಂದು ಕೇಳುವೆ. ಓದಲಿಲ್ಲ.

ಫೋಟೋ ಅತ್ಯುತ್ತಮವಾಗಿ ಬಂದಿತು. ಗುರುದೇವಿ ಅದನ್ನು ಎಲ್ಲೆಲ್ಲೋ ಹಾಕಿದಳು. ಸಾವಿರಾರು ಜನ ಮೆಚ್ಚಿದರು. ನಾನು ಆ ಮೆಚ್ಚುಗೆಗಳನ್ನು ಒಂದೊಂದಾಗಿ ಓದಿಸಿ ಕೇಳಿದೆ. ವಾರದೊಳಗೆ ಮಧುಕುಮಾರ ಅವಳ ಬಳಿಗೆ ಬಂದು, ತೆಗೆದ ದಿನ, ಗಂಟೆ ಎಲ್ಲವೂ ಇರುವ ಮೂಲ ಪ್ರತಿಯನ್ನು ಕೇಳಿ ಪಡೆದ. ದೊಡ್ಡಮ್ಮನಿಗೆ ದೊಡ್ಡ ಫ್ರೇಮು ಹಾಕಿಸುತ್ತಾನಂತೆ ಎಂದು ಗುರುದೇವಿ ಹೇಳಿದಾಗ ನನಗೆ ಹೆಮ್ಮೆಯೇ ಆಯಿತು.

ನಿನ್ನ ಸಂದೇಶ ಬಂದ ಮರುದಿನ ಮಾರೇನಹಳ್ಳಿಗೆ ಹೋದೆ. ಬಾಗಿಲಿಗೆ ಹೊಸ ಬೀಗವಿತ್ತು. ಅಜ್ಜಿಗೆ ಹುಷಾರಿಲ್ಲ ಎಂದು ಮಧು ಅಣ್ಣ ಕಾರಿನಲ್ಲಿ ಕರೆದೊಯ್ದರು, ಅವರು ಬರಲ್ಲ ಬರಲ್ಲ ಅಂತಿದ್ದರು ಎಂದು ಕೆಳಮನೆಯ ಬಾಡಿಗೆಯವರು ಹೇಳಿದರು. ಆಗಲೂ ನಾನು ಬಹಳ ಹೆದರಲಿಲ್ಲ. ವಯಸ್ಸಾದವರು ಎಲ್ಲಿಗೆ ಹೊರಟರೂ ಹಾಗೆಯೇ ಅನ್ನುತ್ತಾರೆ.

ಅದೇ ವಾರ ಗುರುದೇವಿ ಪ್ರದರ್ಶನಕ್ಕೆಂದು ಆ ಬೆಳಗಿನ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುತ್ತಿದ್ದಳು. ಮಹಡಿಯಿಂದ ನನ್ನನ್ನು ಕೂಗಿದಳು. ತಾಂಬೂಲದ ತಟ್ಟೆ ಇಡುವ ಮೊದಲು ತೆಗೆದ ಒಂದು ಚಿತ್ರವಿತ್ತು. ಪತ್ರದ ಸಾಲುಗಳು ಒಂದೊಂದೂ ಕಾಣುತ್ತಿದ್ದವು.

"ಟೀಚರ್, ಇದು ಮರಣಶಾಸನ ಅಂತ ಐತ್ರಿ" ಎಂದಳು. "ನಿಮ್ಮ ಸಹಿ ಸಾಕ್ಷಿ ಅನ್ನೂದರ ಕೆಳಗ ಬಂದೈತಿ."

ನಾನು ನಿಂತೇ ಓದಿದೆ. ಮುನಿಲಕ್ಷ್ಮಮ್ಮನಾದ ನಾನು ಸ್ವಸ್ಥಚಿತ್ತಳಾಗಿ, ಯಾರ ಒತ್ತಾಯವೂ ಇಲ್ಲದೆ, ಮಾರೇನಹಳ್ಳಿಯ ಮನೆಯನ್ನೂ ಗೋವಿಂದರಾಜನಗರದ ಕಟ್ಟಡವನ್ನೂ ನನ್ನ ಮರಣಾನಂತರ ಮೈದುನನ ಮಗ ಮಧುಕುಮಾರನಿಗೆ ಬಿಟ್ಟಿರುತ್ತೇನೆ. ನನ್ನ ಮಗಳು ದಿವ್ಯಳಿಗೆ ಇದರಲ್ಲಿ ಯಾವ ಹಕ್ಕೂ ಇರುವುದಿಲ್ಲ. ಓದಿ ಹೇಳಿಸಿ, ಕೇಳಿ, ಒಪ್ಪಿ ಹೆಬ್ಬೆಟ್ಟು ಒತ್ತಿದ್ದೇನೆ.

ನವೆಂಬರ್ ಮೂರರಂದು ರಾಜರಾಜೇಶ್ವರಿನಗರಕ್ಕೆ ಹೋದೆ. ಆಟೋದವನಿಗೆ ಆ ಹೊಸ ಬಡಾವಣೆಯ ದಾರಿ ತಿಳಿಯದೆ ಬಹಳ ಸುತ್ತಿದೆವು. ಮಧುಕುಮಾರ ಗೇಟಿನವರೆಗೆ ಬಂದು, ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಹಜಾರದಲ್ಲಿ ನಮ್ಮ ಚಿತ್ರ ಬಾಗಿಲಿನಷ್ಟು ಎತ್ತರವಾಗಿ, ಚಿನ್ನದ ಬಣ್ಣದ ಚೌಕಟ್ಟಿನಲ್ಲಿತ್ತು. ತೆಂಕಣ ಗೋಡೆಗೆ ತೂಗುಹಾಕಿದ್ದರು. ಆ ಗೋಡೆಗೆ ನಮ್ಮಲ್ಲಿ ಯಾರ ಚಿತ್ರ ಹಾಕುತ್ತಾರೆಂದು ನಿನಗೆ ಹೇಳಬೇಕಾಗಿಲ್ಲ. ಪಕ್ಕದಲ್ಲಿ ದಿವಂಗತರಾದ ನಿನ್ನ ತಂದೆಯ ಚಿತ್ರವಿತ್ತು, ಅದರ ಮೇಲೆ ಕೆಂಪು ಬಲ್ಬು ಉರಿಯುತ್ತಿತ್ತು. ನಿನ್ನ ತಾಯಿಯ ಚಿತ್ರದ ಮೇಲೂ ಹೊಸದಾಗಿ ತಂತಿ ಎಳೆದು ಹೋಲ್ಡರ್ ಕೂರಿಸಿದ್ದರು. ಬಲ್ಬು ಹಾಕಿರಲಿಲ್ಲ.

ಅದೇನು ಎಂದು ಕೇಳಿದೆ. ಎಲೆಕ್ಟ್ರಿಷಿಯನ್ ಬಂದಿದ್ದ, ಎರಡೂ ಒಟ್ಟಿಗೆ ಮಾಡಿಹೋದ ಎಂದ.

ನಿನ್ನ ತಾಯಿಯನ್ನು ಐದು ನಿಮಿಷ ನೋಡಲು ಬಿಟ್ಟರು. ಮಧುಕುಮಾರನ ಹೆಂಡತಿ ಬಾಗಿಲಲ್ಲಿ ನಿಂತೇ ಇದ್ದಳು. ಎರಡು ತಿಂಗಳ ಹಿಂದೆ ಸಿಂಹಾಸನದ ಮೇಲೆಂಬಂತೆ ಕುಳಿತಿದ್ದ ಹೆಂಗಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮುಟ್ಟಿ ಕರೆದೆ, ಕಣ್ಣು ತೆರೆದರು, ನಾಲಿಗೆ ತೊಡರುತ್ತಿತ್ತು. ನಿದ್ದೆಗೆ ಮಾತ್ರೆ ಕೊಟ್ಟಿದ್ದೇವೆ ಎಂದಳು ಅವನ ಹೆಂಡತಿ. ಮಧ್ಯಾಹ್ನ ಹನ್ನೆರಡು ಗಂಟೆಗೆ ಎಂಥ ನಿದ್ದೆಯ ಮಾತ್ರೆ? ನಿನ್ನ ತಾಯಿ ನನ್ನ ಸೆರಗು ಹಿಡಿದು, "ದಿವ್ಯ ಬಂದ್ಲಾ?" ಎಂದರು. ನಾನು ಬರುತ್ತಾಳೆ ಎಂದೆ.

ಹೊರಗೆ ಬಂದು, ಆ ಪತ್ರದ ವಿಚಾರವೇನು ಎಂದು ಮಧುಕುಮಾರನನ್ನು ನೇರವಾಗಿ ಕೇಳಿದೆ. ಅವನು ದನಿ ಏರಿಸಲಿಲ್ಲ. ಕಾಫಿ ಲೋಟವನ್ನು ನನ್ನ ಕಡೆ ಸರಿಸಿದ.

"ನೀವೇ ಸಾಕ್ಷಿ ಅಲ್ವಾ ಮೇಡಂ. ಹೆಡ್‌ಮಿಸ್ ಆಗಿದ್ದೋರು. ಓದದೆ ಸೈನ್ ಹಾಕ್ದೆ ಅಂತ ನೀವು ಕೋರ್ಟಲ್ಲಿ ಹೇಳ್ತೀರಾ? ಯಾರ್ ನಂಬ್ತಾರೆ? ಫೋಟೋದಲ್ಲಿ ನಗ್ತಾ ಇದೀರ."

ಮತ್ತೆ ತಾನೇ ಹೇಳಿದ: ದೊಡ್ಡಮ್ಮನಿಗೆ ಮರೆವು ಆರಂಭವಾಗಿದೆ, ಇದೇ ತಿಂಗಳು ಡಾಕ್ಟರಿಂದ ಬರೆಸಿಕೊಳ್ಳುತ್ತಿದ್ದೇವೆ, ಇನ್ನು ಮುಂದೆ ಅವರು ಹೇಳಿದ್ದಕ್ಕೆಲ್ಲ ಬೆಲೆ ಇರುವುದಿಲ್ಲ.

ಆ ಮಾತಿನ ಅರ್ಥ ನನಗೆ ತಿಳಿದದ್ದು ಆನಂದ್ ವಿವರಿಸಿದ ಮೇಲೆ. ಶಾಲೆಯಲ್ಲಿ ನಿನಗಿಂತ ಮೂರು ವರ್ಷ ಮುಂದಿದ್ದ ಆನಂದ್ ಈಗ ವಕೀಲ. ಅವನು ಹೇಳಿದ್ದು ಇಷ್ಟು. ಇಂಥ ಪತ್ರಕ್ಕೆ ನೋಂದಣಿ ಕಡ್ಡಾಯವಿಲ್ಲ; ಇಬ್ಬರು ಸಾಕ್ಷಿಗಳು ಸಾಕು. ಆದರೆ ಬರೆದವರು ಬದುಕಿದ್ದು, ಬುದ್ಧಿ ಸ್ಥಿಮಿತದಲ್ಲಿರುವವರೆಗೆ ಅದನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದು. ಬುದ್ಧಿ ಹೋಯಿತೆಂದು ದಾಖಲೆಯಾದರೆ ರದ್ದುಪಡಿಸುವ ದಾರಿ ಮುಚ್ಚುತ್ತದೆ. ಅದಕ್ಕೆ ಮುಂಚಿನ ತಾರೀಖಿನ ಪತ್ರ ನಿಲ್ಲುತ್ತದೆ. ತಾರೀಖಿಗೆ ನಮ್ಮ ಚಿತ್ರವೇ ಆಧಾರ. "ಆ ಡಾಕ್ಟರ್ ಕಾಗದ ಆಗೋದ್ರೊಳಗೆ ಮಗಳು ಬಂದು ಅವರನ್ನ ಆ ಮನೆಯಿಂದ ಆಚೆ ತರ್ಬೇಕು ಮಿಸ್. ನೀವು ಹೋದ್ರೆ ಗೇಟ್ ತೆಗೆಯಲ್ಲ. ಮಗಳು ಪೊಲೀಸ್ ಕರ್ಕೊಂಡು ಹೋದ್ರೆ ತೆಗೀಲೇಬೇಕು" ಎಂದ. ಡಾಕ್ಟರ ಕಾಗದ ಆದ ಮೇಲೆ ನಿನ್ನ ತಾಯಿಯನ್ನು ಉಳಿಸಿಕೊಳ್ಳುವುದರಲ್ಲಿ ಆ ಮನೆಯವರಿಗೆ ಯಾವ ಲಾಭವೂ ಇಲ್ಲ ಎಂಬುದನ್ನು ಆನಂದ್ ಹೇಳಲಿಲ್ಲ.

ಮೊನ್ನೆ ಮತ್ತೆ ಹೋದೆ. ಗೇಟು ತೆಗೆಯಲಿಲ್ಲ. ಒಳಗಿನಿಂದ ಯಾರೋ ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಿದ್ದರು. ಅದರ ಸಣ್ಣ ದೀಪ ಉರಿಯುತ್ತಿತ್ತು. ದಾರಿ ತಪ್ಪಿದ ಮುದುಕಿಯಂತೆ ನಿಂತಿದ್ದು ಹಿಂತಿರುಗಿದೆ.

ಇದನ್ನು ಓದಿದೊಡನೆ ಗುರುದೇವಿಯ ಜೊತೆ ಹೊರಡು. ಮಗುವನ್ನೂ ಕರೆದುಕೊಂಡು ಬಾ, ನನ್ನ ಮನೆಯಲ್ಲಿ ಇಳಿದುಕೊಳ್ಳಿರಿ; ಅಮರೇಶರು ಬಂದರೆ ಇನ್ನೂ ಒಳ್ಳೆಯದು. ಆನಂದ್ ಠಾಣೆಗೆ ಜೊತೆಯಲ್ಲಿ ಬರುತ್ತಾನೆ. ಈ ಪತ್ರವನ್ನು ಯಾರ ಮುಂದೆ ಇಡಬೇಕಾದರೂ ಇಡು. ನನ್ನ ಮರ್ಯಾದೆಯ ಬಗ್ಗೆ ಯೋಚಿಸಬೇಡ. ಇಪ್ಪತ್ತೆರಡು ದಿನ ನಾನು ಯೋಚಿಸಿದ್ದು ಅದೊಂದನ್ನೇ. ನೀನು ಬರುವವರೆಗೆ ನಿನ್ನ ತಾಯಿಗೆ ಆಯುಸ್ಸು, ನಿನಗೆ ಧೈರ್ಯ ಇರಲಿ. ನಿನ್ನ ಮಗಳು ನಿನ್ನ ಹಾಗೆ ಗಟ್ಟಿಗಿತ್ತಿಯಾಗಿ ಬೆಳೆಯಲಿ.

ನಿನ್ನ ಹಿತವನ್ನು ಬಯಸಿದ್ದೇನೆಂದು ಈಗಲೂ ನಂಬಿರುವ,
ಎಚ್. ಎಸ್. ವರಲಕ್ಷ್ಮಿ
ನಿವೃತ್ತ ಮುಖ್ಯೋಪಾಧ್ಯಾಯಿನಿ

ಸಹಿಯ ಕೆಳಗೆ ಬರೆದದ್ದು:

ಮೇಲಿನದನ್ನೆಲ್ಲ ಆನಂದನಿಗೂ ಗುರುದೇವಿಗೂ ಹೇಳಿದ್ದೇನೆ. ಇದನ್ನು ಹೇಳಿಲ್ಲ.

ಹೆಬ್ಬೆಟ್ಟು ಒತ್ತುವ ಮೊದಲು ನಿನ್ನ ತಾಯಿ ನನ್ನ ಕಡೆಗೆ ವಾಲಿ, "ಟೀಚರಮ್ಮ, ಇದ್ರಾಗೆ ಏನ್ ಬರ್ದೈತೆ? ವಸಿ ಓದಿ ಯೋಳಿ" ಎಂದು ಕೇಳಿದ್ದರು. ಕನ್ನಡಕವಿಲ್ಲದೆ ನನ್ನ ಮುಖ ಚೆನ್ನಾಗಿ ಕಾಣುತ್ತದೆಂದು ಅದನ್ನು ತೆಗೆದು ಕಿಟಕಿಯ ಮೇಲೆ ಇಟ್ಟಿದ್ದೆ. ಎದ್ದು ಮೂರು ಹೆಜ್ಜೆ ಹೋಗಬೇಕಿತ್ತು. ಬಿಸಿಲು ಸರಿಯುತ್ತಿತ್ತು. "ಏನೂ ಇಲ್ಲ, ಚಿತ್ರಕ್ಕೆ ಮಾತ್ರ. ಮಾತನಾಡಬೇಡಿ, ಮುಖ ಕೆಡುತ್ತದೆ" ಎಂದೆ. ಅವರು ಮತ್ತೆ ಕೇಳಲಿಲ್ಲ.

ಕೆಟ್ಟಿತೆಂದು ಗುರುದೇವಿ ಬದಿಗಿಟ್ಟ ಚಿತ್ರಗಳಲ್ಲಿ ಆ ಕ್ಷಣದ್ದೂ ಒಂದಿದೆ. ನಿನ್ನ ತಾಯಿ ಪತ್ರದ ಮೇಲೆ ಬೆರಳಿಟ್ಟು, ನನ್ನತ್ತ ತಿರುಗಿ, ಬಾಯಿ ತೆರೆದಿದ್ದಾರೆ. ನಾನು ಅವರ ಗಲ್ಲ ಹಿಡಿದು ಕ್ಯಾಮೆರಾದ ಕಡೆಗೆ ತಿರುಗಿಸುತ್ತಿದ್ದೇನೆ. ಅವರಿಗೆ ಯಾರೂ ಓದಿ ಹೇಳಲಿಲ್ಲ ಎಂಬುದಕ್ಕೆ ಇರುವುದು ಆ ಚಿತ್ರ, ಮತ್ತು ಈಗ ನಾನು ಬರೆದ ಈ ನಾಲ್ಕು ಸಾಲು. ಅದನ್ನು ಮುದ್ರಿಸಿ ತಂದುಕೊಡಲು ಗುರುದೇವಿಗೆ ಹೇಳಿದಾಗ ಕಾರಣ ಕೇಳಿದಳು, ಹೇಳಲಿಲ್ಲ. ಲಕೋಟೆಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.